ಬೀಗರಿಗೆ ಊರು ತೋರಿಸಿದ್ದು

ಜಪಾನಿನ ತಕಾಮಾತ್ಸು ಊರಿನ ಜನಕ್ಕೆ ಅವರ ಉದೋನ್ ಶಾವಿಗೆ ‘ಚೆನ್ನಾಗಿದೆ’ ಎಂದರೆ ಸಾಲದು, ‘ಇಂಥದ್ದು ಬೇರೆಲ್ಲೂ ಇಲ್ಲ’ ಅನ್ನಬೇಕು. ದೋಣಿ ಟಿಕೆಟ್ ಕೊಡುತ್ತಲೇ ತಲೆ ನರೆತ ಮನಬೆಗೆ ಈ ಹೆಮ್ಮೆ ಒಂದು ತೂಕ ಹೆಚ್ಚೇ ಇತ್ತು. ತಾಪತ್ರಯ ಶುರುವಾದದ್ದೂ ಅದರಿಂದಲೇ.

ಅವನ ಒಬ್ಬಳೇ ಮಗಳು ಚಿನಾಮಿಗೆ ಇದೇ ಊರಿನ ಹಡಗು ಕಾರ್ಖಾನೆಯಲ್ಲಿದ್ದ ಶೂಗೊ ಜೊತೆ ಮದುವೆ ಗೊತ್ತಾಗಿತ್ತು. ಶೂಗೊನ ಅಪ್ಪ ಕಿತೊ ಅವರಿಗೆ ದೂರದ ನಗೋಯಾದಲ್ಲಿ, ಮನೆಯಲ್ಲಿ ಹಿರಿಯರನ್ನು ಪೂಜಿಸುವ ಮರದ ಮಂಟಪಗಳ ಹಳೆಯ ಅಂಗಡಿ. ಮದುವೆಯಾದ ಮೇಲೆ ಮಗ ಬಂದು ಅಂಗಡಿ ನೋಡಿಕೊಳ್ಳಲಿ ಎಂದು ಅವರ ಹಟ. ಮಗಳು ತನ್ನ ಕಣ್ಣೆದುರಿಗೇ ಇರಬೇಕೆಂದು ಮನಬೆಯ ಹಟ.

“ಒಂದ್ಸಲ ನಮ್ಮೂರಿಗೆ ಬಂದು ತಿಂದು, ನೋಡಿ ಬೀಗರೇ. ಆಮೇಲೂ ಹುಡುಗರನ್ನ ಇಲ್ಲಿಂದ ಕರ್ಕೊಂಡು ಹೋಗೋ ಮನಸ್ಸು ನಿಮಗೆ ಬಂದ್ರೆ ನಾನು ಉಸಿರೆತ್ತಲ್ಲ” ಎಂದು ಮನಬೆ ಫೋನಿನಲ್ಲಿ ಹೇಳಿಬಿಟ್ಟ. ಪಕ್ಕದಲ್ಲಿದ್ದ ಹೆಂಡತಿ ಫುಸಾಕೊ ಹಣೆ ಚಚ್ಚಿಕೊಂಡಳು.

ಶನಿವಾರ ಬೆಳಿಗ್ಗೆ ಕಿತೊ ರೈಲಿಳಿದರು. ಸಣಕಲು ಮೈ, ಬಿಗಿದ ಟೈ, ಗಂಟು ಮುಖ. ಮೊದಲು ರಿತ್ಸುರಿನ್ ತೋಟ, ಹಸಿವು ಕೆರಳಿದ ಮೇಲೆ ಓನಿಶಿ ಅಜ್ಜಿಯ ಅಂಗಡಿಯ ಉದೋನ್ ಎಂಬುದು ಮನಬೆಯ ಲೆಕ್ಕ. ಆದರೆ ಬೀದಿಯ ತಿರುವಿನಲ್ಲೇ ಕ್ಷೌರದಂಗಡಿಯ ಸೊಗೊ ಅಡ್ಡ ನಿಂತಿದ್ದ.

“ಅಜ್ಜಿ ಅಂಗಡಿಗಾ? ಬೀಗರನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಲ್ಲ, ಮರ್ಯಾದೆ ಬೇಡ್ವೇನೋ? ಮೊದಲು ನಮ್ಮ ಅಂಗಡಿ ಹಿಂದಿರೋ ಉದೋನ್ ಅಂಗಡೀದು ತಿನ್ನಿಸು.”

ಬೇಡವೆಂದರೆ ಈ ಊರಲ್ಲೂ ತಿನ್ನಬಾರದ ಉದೋನ್ ಇದೆ ಎಂದು ಒಪ್ಪಿಕೊಂಡಂತೆ. ಮನಬೆ ಹಲ್ಲುಕಚ್ಚಿ ಒಳಗೆ ನಡೆದ. ಕಿತೊ ಬಟ್ಟಲು ಖಾಲಿ ಮಾಡಿದರು.

“ಹೇಗಿತ್ತು ಬೀಗರೇ?”

“ಹ್ಞೂಂ.”

ಹೊರಗೆ ಬಂದರೆ ಮೀನು ಮಾರುವ ತಾದಾ ಅಮ್ಮ ಕಾದಿದ್ದಳು. “ಸೊಗೊ ಹೇಳಿದಲ್ಲಿ ತಿಂದ್ರಂತೆ? ಪಾಪ. ಬನ್ನಿ, ನನ್ನ ತಮ್ಮನ ಅಂಗಡಿಗೆ, ಬಾಯಿ ರುಚಿ ಸರಿಹೋಗುತ್ತೆ.” ಆ ಅಂಗಡಿಯಲ್ಲಿ ಶಾವಿಗೆಯನ್ನು ಬುಟ್ಟಿಯಲ್ಲಿಟ್ಟು ಬಿಸಿನೀರಲ್ಲಿ ಅದ್ದಿ ತೆಗೆಯುವ ಕೆಲಸ ಗಿರಾಕಿಯದೇ. “ಇದಕ್ಕೂ ಕೈಚಳಕ ಬೇಕು, ನೋಡಿ” ಎಂದು ಮನಬೆ ಬುಟ್ಟಿಯನ್ನು ಜೋರಾಗಿ ಕೊಡವಿದ. ಶಾವಿಗೆ ಹಾರಿ ಬೀಗರ ಟೈ ಮೇಲೆ ಜನಿವಾರದಂತೆ ಇಳಿಬಿತ್ತು. ಕಿತೊ ಅದನ್ನು ಒಂದೊಂದೇ ಎಳೆಯಾಗಿ ಬಿಡಿಸಿ, ಬಟ್ಟಲಿಗೆ ಹಾಕಿಕೊಂಡು, ತಿಂದು ಮುಗಿಸಿದರು.

“ಹ್ಞೂಂ” ಎಂದರು.

ತೋಟ ಮುಟ್ಟುವ ಹೊತ್ತಿಗೆ ಇಬ್ಬರಿಗೂ ಹೊಟ್ಟೆ ಹೊತ್ತು ನಡೆಯುವುದೇ ಕಷ್ಟವಾಗಿತ್ತು. ಅಲ್ಲಿನ ದಿಬ್ಬ ಹತ್ತುತ್ತಾ ಅರ್ಧಕ್ಕೇ ಕಿತೊ ಕೂತುಬಿಟ್ಟರು. ಮನಬೆ ಹಿಂದಿನಿಂದ ಬೀಗರ ಸೊಂಟಕ್ಕೆ ಹೆಗಲು ಕೊಟ್ಟು ದೂಡುತ್ತಾ ಮೇಲೆ ಹತ್ತಿಸಿದ. ಕೆಳಗೆ ಕೊಳ, ಅದರ ಮೇಲೆ ಕಮಾನು ಸೇತುವೆ, ತಲೆಮಾರುಗಳಿಂದ ಬಾಗಿಸಿ ಬೆಳೆಸಿದ ಪೈನ್ ಮರಗಳು. ಕಿತೊ ಸುಮ್ಮನೆ ನೋಡುತ್ತ ನಿಂತರು. ಈ ಸಲ ‘ಹ್ಞೂಂ’ ಬರಲಿಲ್ಲ. ಮನಬೆಗೆ ಹೆಮ್ಮೆ ಉಕ್ಕಿತು. ಇಂಥ ಊರಲ್ಲಿ ಹುಟ್ಟಿದ ಮಗಳನ್ನು ಯಾರು ತಾನೇ ಬೇರೆಡೆಗೆ ಒಯ್ಯುತ್ತಾರೆ ಎನ್ನಿಸಿತು.

ಅಲ್ಲಿಂದ ಓನಿಶಿ ಅಜ್ಜಿಯ ಅಂಗಡಿಗೆ ಓಡಿದರೆ ಅಜ್ಜಿ ಬಾಗಿಲ ಪರದೆ ಇಳಿಸುತ್ತಿದ್ದಳು.

“ಅಜ್ಜಿ, ಒಂದೇ ಒಂದು ಬಟ್ಟಲು. ನನ್ನ ಮಗಳ ಬಾಳಿನ ಪ್ರಶ್ನೆ.”

“ಬೆಳಿಗ್ಗೆ ನಾದಿದ ಹಿಟ್ಟು ಮುಗೀತು, ಅಂಗಡಿಯೂ ಮುಗೀತು. ಗೊತ್ತಿಲ್ದೋನ ಹಾಗೆ ಆಡಬೇಡ. ನಾಳೆ ಬಾ.”

ಭಾನುವಾರ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಸಾಲಿನಲ್ಲಿ ನಿಂತಿದ್ದರು. ಕಿತೊ ತಿಂದರು. ಬಟ್ಟಲೆತ್ತಿ ಸಾರನ್ನೂ ಕೊನೆಯ ಹನಿಯವರೆಗೆ ಕುಡಿದರು. ಕೆಳಗಿಟ್ಟಾಗ ಅವರ ಕಣ್ಣಂಚು ಒದ್ದೆಯಾಗಿತ್ತು.

“ಸೋತೆ ಬೀಗರೇ. ಇಂಥದ್ದು ಬೇರೆಲ್ಲೂ ಇಲ್ಲ.”

ಅಡುಗೆ ಒಲೆಯ ಹಿಂದೆ ಅಜ್ಜಿ ಸೆಟೆದು ನಿಂತಳು. ಮನಬೆಯ ಎದೆಯಂತೂ ಅಂಗಿ ಗುಂಡಿ ಕೀಳುವಷ್ಟು ಉಬ್ಬಿತು. “ಹಾಗಾದ್ರೆ ಈ ಊರು ಬಿಟ್ಟು ಹೋಗೋದು ಯಾರಿಗೂ ಸಾಧ್ಯ ಇಲ್ಲ ಅಂತ ಒಪ್ಪಿದ್ರಾ?”

“ಪೂರ್ತಿ ಒಪ್ಪಿದೆ. ನಿನ್ನೆ ಆ ತೋಟ ನೋಡಿದಾಗಲೇ ಮನಸ್ಸು ಸೋತಿತ್ತು, ರಾತ್ರಿಯೇ ನಿರ್ಧಾರ ಮಾಡ್ಬಿಟ್ಟೆ. ನಾನೂ ನನ್ನ ಹೆಂಡತಿಯೂ ಇಲ್ಲಿಗೇ ಬಂದು ಇದ್ದುಬಿಡ್ತೀವಿ. ನಿಮ್ಮ ಮನೆ ಎದುರಿಗೇ ಒಂದು ಮನೆ ಖಾಲಿ ಇದೆ, ನಿನ್ನೆ ಸಂಜೆ ಸೊಗೊ ಅವರು ತೋರಿಸಿದ್ರು.”

ಮನಬೆಯ ಕೈಯಲ್ಲಿದ್ದ ಊಟದ ಕಡ್ಡಿಗಳು ಹಾಗೇ ನಿಂತವು. “ಮತ್ತೆ... ನಿಮ್ಮ ಅಂಗಡಿ?”

“ಅದನ್ನ ಇನ್ನು ನಾನೆಲ್ಲಿ ನೋಡ್ಲಿ? ಬೆಳಿಗ್ಗೆ ಶೂಗೊಗೂ ಚಿನಾಮಿಗೂ ಹೇಳಿದೆ, ಮದುವೆ ಆದ ಮಾರನೇ ದಿನವೇ ಇಬ್ಬರೂ ನಗೋಯಾಗೆ ಹೋಗಿ ವಹಿಸ್ಕೊಳ್ಳಿ ಅಂತ. ಅಪ್ಪನಿಗೆ ಇಷ್ಟು ಸಂತೋಷ ಆದ್ರೆ ನಾವು ಬೇಡ ಅನ್ನಲ್ಲ ಅಂದ್ಬಿಟ್ರು, ಬಂಗಾರದಂಥ ಮಕ್ಕಳು.” ಕಿತೊ ಮೊದಲ ಸಲ ಬಾಯ್ತುಂಬ ನಕ್ಕು ಮನಬೆಯ ಬೆನ್ನು ತಟ್ಟಿದರು. “ಉಸಿರೆತ್ತಲ್ಲ ಅಂತ ನೀವೇ ಮಾತು ಕೊಟ್ಟಿದ್ರಲ್ಲ. ಮಗಳು ದೂರ ಆದ್ಲು ಅಂತ ಬೇಜಾರು ಮಾಡ್ಕೋಬೇಡಿ ಬೀಗರೇ, ದಿನಾ ಬೆಳಿಗ್ಗೆ ನಾನೇ ಬಂದು ನಿಮ್ಮ ಬಾಗಿಲು ತಟ್ತೀನಿ.”

ಅಜ್ಜಿ ಕೇಳದೆಯೇ ಕಿತೊ ಅವರ ಮುಂದೆ ಇನ್ನೊಂದು ಬಟ್ಟಲು ತಂದಿಟ್ಟಳು. “ಇನ್ಮೇಲೆ ಇವರೂ ನಮ್ಮೂರೋರೇ ಆದ್ರಲ್ಲ” ಎಂದು ಮನಬೆಯತ್ತ ತಿರುಗಿ, “ನಿನಗೂ ಒಂದು ಹಾಕ್ಲೇನೋ?” ಎಂದಳು.

“ಹ್ಞೂಂ” ಎಂದ ಮನಬೆ.