ಕೆಂಪು ಕಾರಿಗೆ ನಾಕು ಟಾಯರು

ಬರ್ರಿ, ಆ ಚಾಪಿ ಎಳಕೊಂಡು ಕುಂಡ್ರಿ. ಬೆನ್ನಿಗೆ ಗ್ವಾಡಿ ಹಚ್ಚಿಕೊಳ್ರಿ, ನಡುವ ಎದ್ದು ಹೋಗಬ್ಯಾಡ್ರಿ. ಕಾರು ಇದ್ದ ಮನ್ಯಾಗ ಒಂದಿಲ್ಲೊಂದು ನಗಿ ಹುಟ್ಟತಾನ ಇರತೈತಿ. ನಮ್ಮ ಮನಿಯವ್ರು ತೊರಗಲ್ಲ ಹತ್ತಿರ ದೇಸಾಯರ ವಾಡೇದಾಗ ಡ್ರೈವರ್ ಇದ್ರು, ನಾ ಅಲ್ಲೇ ಅಡಗಿ ಮನ್ಯಾಗ ರೊಟ್ಟಿ ಬಡೀತಿದ್ದೆ. ಅರ್ಧ ಕಣ್ಣಾರೆ ನೋಡೇನಿ. ಇನ್ನರ್ಧ ನಮ್ಮವ್ರು ಹೇಳ್ಯಾರ, ಅವರು ರುಚಿ ಇಲ್ಲದಂಗ ಹೇಳಿದ್ದಕ್ಕ ನಾ ಉಪ್ಪು ಹಾಕೇನಿ.

ತೋಪಿನ ಸಪ್ಪಳ

ಆ ಕಾರು ಬೆಳಗಾವ್ಯಾಗಿದ್ದ ಒಬ್ಬ ಇಂಗ್ರೇಜಿ ಸಾಹೇಬ ದೇಶ ಬಿಟ್ಟು ಹೋಗುವಾಗ ಮಾರಿದ್ದು. ಕೆಂಪು ಬಣ್ಣದ ಓಟದ ಕಾರು. ನೆಲಕ್ಕ ಎಷ್ಟು ಹತ್ತಿರ ಅಂದ್ರ, ಒಳಗ ಕುಂತವರಿಗೆ ಎಮ್ಮಿ ಹೊಟ್ಟಿ ಕೆಳಗಿಂದ ಆ ಕಡೆ ರಸ್ತಾ ಕಾಣತಿತ್ತು. ಕೂಡಾಕ ಜಾಗಾ ಇಬ್ಬರಿಗಷ್ಟ. ದೇಸಾಯರು ಹೊಡದ್ರ ನಮ್ಮವ್ರು ಬಾಜೂಕ, ನಮ್ಮವ್ರು ಹೊಡದ್ರ ದೇಸಾಯರು ಬಾಜೂಕ. ಹಿಂಗಾಗಿ ದೇಸಾಯರ ಹೆಂಡತಿ, ಬಾಯಿಸಾಹೇಬ್ರು, ಅದರಾಗ ಒಮ್ಮೆನೂ ಕುಂತಿರಲಿಲ್ಲ. ಕಾರಿಗೆ "ನನ್ನ ಸವತಿ" ಅಂತ ಕರೀತಿದ್ರು.

ಟಾಯರು ಸವದು ಸವದು ಹುಣಸಿಹಣ್ಣಿಲೆ ತಿಕ್ಕಿದ ಕೊಡದಂಗ ನುಣ್ಣಗ ಆಗಿದ್ದುವು. ಒಂದಿನ ತೊರಗಲ್ಲ ಕೋಟಿ ಗ್ವಾಡಿ ಕೆಳಗ ಮುಂದಿನ ಬಲಗಾಲಿ ಢಂ ಅಂತ ಒಡೀತು. ಸಂಸ್ಥಾನ ಹೋಗಿ ಇನ್ನೂ ಭಾಳ ದಿನ ಆಗಿರಲಿಲ್ಲ. ದೊಡ್ಡವರ ಮನ್ಯಾಗ ಕೂಸು ಹುಟ್ಟಿದ್ರ ತೋಪು ಹಾರಿಸ್ತಿದ್ದದ್ದು ಹಳೇ ಮಂದಿ ಕಿವ್ಯಾಗ ಇನ್ನೂ ಇತ್ತು. ಕಟ್ಟಿ ಮ್ಯಾಲ ಕುಂತಿದ್ದ ಒಬ್ಬ ಮುದುಕಪ್ಪ ಸಪ್ಪಳ ಕೇಳಿದವನ ಮನಿಗೆ ಓಡಿ ಸಕ್ರಿ ತಂದು ಬಂದವರಿಗೆಲ್ಲಾ ಹಂಚಾಕ ಹತ್ತಿದ. ಕಾರಿನ ಕೆಳಗ ಮಲಗಿದ್ದ ನಮ್ಮವ್ರ ಬಾಯಾಗೂ ಒಂದು ಚಿಮಟಿ ಹಾಕಿ, "ತಮ್ಮಾ, ಹುಟ್ಟಿದ್ದು ಗಂಡೋ ಹೆಣ್ಣೋ?" ಅಂದ.

"ಹುಟ್ಟಿಲ್ಲರೀ ಅಜ್ಜಾ, ಸತ್ತೈತಿ," ಅಂದ್ರು ನಮ್ಮವ್ರು ಸಕ್ರಿ ಚೀಪಿಕೋತ.

ಕಟಕ ರೊಟ್ಟಿ

ಅದ ವಾರ ದೇಸಾಯರ ಮಗಳಿಗೆ ಕಿತ್ತೂರ ಕಡಿಂದ ಸಂಬಂಧ ಬಂತು. ಬೀಗರು ಮನಿ ನೋಡಾಕ ಬರಾವರಿದ್ರು. ದೇಸಾಯರು ನಮ್ಮವ್ರನ್ನ ಕರದು ಹೇಳಿದ್ರು: "ಹಿರೇ ಬೀಗರನ್ನ ಬಸ್ಸಿನಿಂದ ಇಳಿಸಿ ಈ ಕಾರಿನ್ಯಾಗ ವಾಡೇಕ ಕರತರಬೇಕು. ಟಾಯರು ಸಿಗಲಿಲ್ಲೋ, ಕಾರು ಮೋಡಕಾಕ, ಗುಜರಿಗೆ ಹಾಕತೇನಿ. ಕಾರಿಲ್ಲದ ಮನಿಗೆ ಡ್ರೈವರ್ ಯಾಕ ಬೇಕು, ನೀನ ಹೇಳು."

ನಮ್ಮವ್ರು ಏನ ಹೇಳ್ಯಾರು? ಅವರಿಗೆ ಸ್ಟೇರಿಂಗ್ ಬಿಟ್ಟು ಬ್ಯಾರೆ ಏನೂ ಹಿಡಿಯಾಕ ಬರತಿರಲಿಲ್ಲ. ಹೊಲಕ್ಕ ಕಳಿಸಿದ್ರ ಕುಂಟಿನೂ ಬಲಕ್ಕ ತಿರುವಾಕ ನೋಡತಿದ್ರು. "ಚಿಂತಿ ಮಾಡಬ್ಯಾಡ್ರಿ, ಟಾಯರು ನಾ ಆರಿಸತೇನಿ," ಅಂತ ನಾನೂ ಜೋಡಿ ಹೊಂಟೆ. ಬೈಲಹೊಂಗಲ ನನ್ನ ತವರೂರು.

ಅಲ್ಲಿ ಅಂಗಡಿಯವ ಮೊದಲ ಲಾರಿ ಟಾಯರು ತೋರಿಸಿದ. ಅದರ ನಡುವಿನ ತೂತಿನ್ಯಾಗ ನಮ್ಮ ಕಾರಿನ ಗಾಲಿ ಪೂರಾ ಮುಳಗತಿತ್ತು. ಮುಂಬೈದಿಂದ ತರಿಸಬೇಕಂದ್ರ ತಿಂಗಳುಗಟ್ಟಲೆ ಅಂದ. ಕಡೀಕ ಅಂಗಡಿ ಮುಂದ ಬಿಸಿಲಾಗ ತೂಗಾಡತಿದ್ದ ಒಂದು ಜೋಡಿ ಇಳಿಸಿದ. ಅಳತಿ ಬರೋಬ್ಬರಿ ಇತ್ತು. ನಮ್ಮವ್ರ ಮಾರಿ ಅರಳಿತು.

"ಯುದ್ಧದ ಕಾಲಕ್ಕ ಬಂದ ಮಾಲು," ಅಂದ ಅಂಗಡಿಯವ. "ಒಂದು ದಿನಾನೂ ರಸ್ತಾ ಕಂಡಿಲ್ಲ, ಹೊಸಾವು. ಎಷ್ಟು ಗಟ್ಟಿ ಅದಾವ ಬಡದು ನೋಡ್ರಿ."

ನಾ ಬಡೀಲಿಲ್ಲ, ಹೆಬ್ಬೆಟ್ಟು ಒತ್ತಿದೆ. ಬೆಟ್ಟು ನೋಯ್ತು, ರಬ್ಬರು ತಗ್ಗಲಿಲ್ಲ. ಬಾಜೂಕ ಉಗುರು ಆಡಿಸಿದೆ, ಸಣ್ಣ ಸಣ್ಣ ಬಿರುಕು.

"ಅಣ್ಣಾ," ಅಂದೆ, "ಹೋದ ವರ್ಷದ ಕಟಕ ರೊಟ್ಟಿನೂ ಯಾರೂ ತಿಂದಿರೂದಿಲ್ಲ. ಹಂಗಂತ ಅದು ಹೊಸಾದೇನು? ಮಡಚಿದ್ರ ಮುರೀತೈತಿ."

"ಅಕ್ಕಾ, ಟಾಯರು ತಿನ್ನಾಕಲ್ಲ."

"ಅದಕ್ಕ ಹೇಳಿದೆ. ರೊಟ್ಟಿ ಮುರದ್ರ ಸಾರಿನ್ಯಾಗ ನೆನಸಬಹುದು. ಟಾಯರು ಮುರದ್ರ ನಮ್ಮವ್ರನ್ನ ಎದರಾಗ ನೆನಸ್ಲಿ?"

ಅಂಗಡಿಯವ ನಕ್ಕು ಟಾಯರು ಮತ್ತ ತೂಗಹಾಕಿದ. ಆದ್ರ ಚಲೋ ಮನಿಷ್ಯಾ. "ಇಂಥಾ ಅಳತೀವು ಮುನವಳ್ಳ್ಯಾಗ ಒಬ್ಬ ರೈತನ ಚಕ್ಕಡಿಗೆ ನೋಡೇನಿ," ಅಂತ ದಾರಿ ಹೇಳಿದ. ಹೊಂಟಾಗ ನಮ್ಮವ್ರಿಗೆ, "ಮುಂದಿನ ಸಲ ಮಾಲು ತಗೊಳ್ಳಾಕ ಬಂದ್ರ ಒಬ್ಬರ ಬರ್ರಿ," ಅಂದ.

ಹರಿವಿ ತಳಗಿನ ಸಿಂಬಿ

ಮುನವಳ್ಳಿ ರೈತ ಅದ ಇಂಗ್ರೇಜಿ ಸಾಹೇಬನ ಮನಿ ಸಾಮಾನು ಮಾರುವಾಗ ನಾಕು ಟಾಯರು ತಂದಿದ್ದ. ಕಮ್ಮಾರನ ಕಡಿಂದ ಗಾಲಿ ಮಾಡಿಸಿ ಎರಡನ್ನ ತನ್ನ ಚಕ್ಕಡಿಗೆ ಹಾಕಿದ್ದ. ಚಕ್ಕಡಿ ಸಪ್ಪಳ ಇಲ್ಲದ ಹೋಗೂದು ನೋಡಿ ಎತ್ತು ಸೈತ ಹಿಂದ ತಿರುಗಿ ನೋಡತಿದ್ದುವಂತ, ಗಾಡಿ ಐತೋ ಕಳಚಿತೋ ಅಂತ.

ಉಳದ ಎರಡು ಅವನ ಅವ್ವನ ಖೋಲ್ಯಾಗಿದ್ದುವು. ಒಂದರ ಮ್ಯಾಲೊಂದು ಇಟ್ಟು, ಜ್ವಾಳ ತುಂಬಿದ ಮಣ್ಣಿನ ಹರಿವಿ ಉರುಳದಂಗ ಸಿಂಬಿ ಮಾಡಿದ್ಲು. ನಾ ಬೆಟ್ಟು ಒತ್ತಿದೆ. ನೆರಳಿನ್ಯಾಗ, ತಂಪಿನ್ಯಾಗ ಇದ್ದದ್ದಕ್ಕ ಒಳಗ ಹೋದ ಬೆಟ್ಟು ಹಗುರಕ ಹೊರಗ ಬಂತು. ಬಿಸಿ ರೊಟ್ಟಿ ಇದ್ದಂಗ.

ಮುದುಕಿ ಜಗ್ಗಲಿಲ್ಲ. "ರೊಕ್ಕಾ ಬ್ಯಾಡವಾ. ನನಗ ಆ ಕೆಂಪು ಕಾರಿನ್ಯಾಗ ಎಲ್ಲಮ್ಮನ ಗುಡ್ಡಕ್ಕ ಕರಕೊಂಡು ಹೋಗ್ರಿ. ಮೊದಲ ಗುಡ್ಡ, ಆಮ್ಯಾಲ ನಿಮ್ಮ ಬೀಗರು. ಹಂಗಾದ್ರ ನಾಕೂ ಟಾಯರು ಒಯ್ಯಿರಿ."

ಸುದ್ದಿ ಕೇಳಿ ದೇಸಾಯರು ಕಾರು ಲಾರಿ ಮ್ಯಾಲ ಹೇರಿಸಿಕೊಂಡು ತಾವ ಮುನವಳ್ಳಿಗೆ ಬಂದ್ರು. ಟಾಯರು ಹಾಕುವಾಗ ಒಂದು ವಾದ ಆತು. ಹರಿವಿ ತಳಗಿನ ಹೊಸಾ ಜೋಡಿ ಮುಂದ ಇರಲಿ, ನೋಡಾವರಿಗೆ ಮಾರಿ ಮೊದಲ ಕಾಣತೈತಿ ಅಂತ ದೇಸಾಯರು. ಇಂಜಿನ್ ದೂಡೂದು ಹಿಂದಿನ ಗಾಲಿ, ಹೊಸಾವು ಹಿಂದ ಬೇಕು ಅಂತ ನಮ್ಮವ್ರು. ಮುದುಕಿ ಗುಡ್ಡದ ಕಡೆ ಕೈ ಮಾಡಿ, "ಏರಿ ಹತ್ತೂದು ಮಾರೀಲೇನೋ ಕಾಲೀಲೇನೋ?" ಅಂದ್ಲು. ಹೊಸಾವು ಹಿಂದ ಕುಂತುವು.

ಆಮ್ಯಾಲ ತೊಡಕು ಬಂತು. ಕಾರಿನ್ಯಾಗ ಜಾಗಾ ಎರಡ. ಹೊಡಿಯಾಕ ನಮ್ಮವ್ರು, ಕೂಡಾಕ ಮುದುಕಿ. ಮುದುಕಿ ತಲಿ ಮ್ಯಾಲ ಸೆರಗು ಬಿಗಿ ಮಾಡಿಕೊಂಡು ಉಗರಗೋಳ ದಾಟಿ ಗುಡ್ಡ ಹತ್ತಿದ್ಲು. ಜರಿ ರುಮಾಲಿನ ದೇಸಾಯರು ಹಿಂದ ಚಕ್ಕಡ್ಯಾಗ, ಅದೂ ಮತ್ತ ಕಟ್ಟಿಗಿ ಗಾಲಿ ಹಾಕಿದ್ದರಾಗ, ಕಡಕಡ ಕಡಕಡ ಅಂತ ಬಂದ್ರು. ಸೊಂಟ ಹಿಡಕೊಂಡು ಇಳಿದವರನ್ನ ನೋಡಿ ಮುದುಕಿ, "ಪಾಪ, ಯಾರ ಮನಿ ಆಳೋ ಏನೋ, ದಣದಾನ. ನೀರು ಕೊಡ್ರಿ," ಅಂದ್ಲು.

ಮನಿಗೆ ಬಂದು ಬಾಯಿಸಾಹೇಬ್ರಿಗೆ ಇದನ್ನ ಹೇಳಿದೆ. ನಗಲಿಲ್ಲ ಅವರು. "ಮುನವಳ್ಳಿ ಮುದುಕಿನೂ ಕುಂತಳು," ಅಂದ್ರಷ್ಟ.

ಟಾಯರಿಗೆ ಎಣ್ಣಿ-ಅರಿಷಿಣ

ಬೀಗರು ಬರೂ ದಿನ ಬಂತು. ದೇಸಾಯರ ಅಕ್ಕ, ಅಕ್ಕಾಸಾಹೇಬ್ರು ಅಂತಿದ್ವಿ, ಮುಂಜಾನೆ ಎದ್ದವರ ಹೊಸದಾಗಿ ಮನಿಗೆ ಬಂದ ಟಾಯರಿಗೆ ಮದುಮಗಳಿಗೆ ಹಚ್ಚಿದಂಗ ಎಣ್ಣಿ ಅರಿಷಿಣ ಹಚ್ಚಿಸಿದ್ರು. ಕೆಳಗಿನ ಫರಸಿ ಕಲ್ಲಿಗೂ ಎಣ್ಣಿ ಇಳೀತು. ನಮ್ಮವ್ರು ಗಾಲಿ ಮುಂದ ಇಡಾಕ ಲಿಂಬಿಹಣ್ಣು ತಂದ್ರು. ಅಕ್ಕಾಸಾಹೇಬ್ರು ನೋಡಿ, "ಲಿಂಬಿಹಣ್ಣು ಲಾರಿಗೆ, ಸೈಕಲ್ಲಿಗೆ. ನಮ್ಮ ಮನಿ ಮರ್ಯಾದಿ ಲಿಂಬಿಹಣ್ಣಿನಷ್ಟ ಐತೇನು? ತೆಂಗಿನಕಾಯಿ ಇಡು," ಅಂದ್ರು.

"ಅಕ್ಕಾಸಾಹೇಬ್ರ, ಕಾರು ನೆಲಕ್ಕ ಹತ್ತೈತಿ..."

"ಗಟ್ಟ್ಯಾನ ಕಾಯಿ ಇಡು."

ನಾಕು ಗಾಲಿ ಮುಂದ ನಾಕು ಕಾಯಿ ಕುಂತುವು. ಹೋಗುವಾಗ ತಾವು, ಬರುವಾಗ ಆ ಜಾಗಾ ಹಿರೇ ಬೀಗರಿಗೆ ಅಂತ ದೇಸಾಯರು ಕೋಟು ಹಾಕ್ಕೊಂಡು ಒಳಗ ಕುಂತ್ರು. ನಮ್ಮವ್ರು ಗೇರು ಹಾಕಿದ್ರು. ಕಾರು ಕಾಯಿ ಹತ್ತವಲ್ಲದು. ಇನ್ನಷ್ಟು ಒತ್ತಿದ್ರು. ಎಣ್ಣಿ ಕುಡದ ಹಿಂದಿನ ಗಾಲಿ ಕುಂತಲ್ಲೇ ಗರಗರ ತಿರುಗಿದುವು, ಹಳದಿ ಹೊಗಿ ಎದ್ದು ಅಂಗಳ ತುಂಬ ಬಜಿ ಕರದ ವಾಸನಿ. ನಮ್ಮವ್ರ ಬೆವರು ಸ್ಟೇರಿಂಗ್ ಮ್ಯಾಲ ಬೀಳತಿತ್ತು. ಮೋಡಕಾದವ ಅವರ ಕಣ್ಣ ಮುಂದ ನಿಂತಿದ್ದ.

ಅಷ್ಟರಾಗ ಬೀಗರು ಬಂದ ಬಿಟ್ರು. ಬಸ್ಸಿಳಿದು, ಯಾರೂ ಕರಿಯಾಕ ಬರಲಿಲ್ಲಂತ, ಆ ದಾರೀಲೆ ಹೊಂಟಿದ್ದ ಮುನವಳ್ಳಿ ರೈತನ ಚಕ್ಕಡಿ ಏರಿದ್ರು. ಬಾಗಲದಾಗ ನಿಂತು ನೋಡಿದ್ರ, ಹೊಗಿಯೊಳಗ ಕಾರು ಒದರಾಕ ಹತ್ತೈತಿ, ಅದರಾಗ ದೇಸಾಯರು ಅಲ್ಲಾಡದ ಕುಂತು ನಮಸ್ಕಾರ ಮಾಡಾಕ ಹತ್ಯಾರ. "ಏನಿದು?" ಅಂದ್ರು ಹಿರೇ ಬೀಗರು.

ಅಕ್ಕಾಸಾಹೇಬ್ರು ಕಣ್ಣು ಮಿಟಕಿಸಲಿಲ್ಲ. "ಬೀಗರು ಬಂದು ನಿಲ್ಲೂತನಕ ಕಾರು ಕದಲಬಾರದು. ನಮ್ಮ ಮನೆತನದ ಪದ್ಧತಿ."

ಬಾಯಿಸಾಹೇಬ್ರು ಒಳಗಿಂದ ಬಂದ್ರು. ಸೀದಾ ಕಾರಿನ ಹತ್ತಿರ ಹೋಗಿ ಗಂಡಗ, "ನೀವು ಇಳೀರಿ, ಬೀಗರನ್ನ ಮಾತಾಡಸ್ರಿ," ಅಂದ್ರು. ದೇಸಾಯರು ಇಳಿದ್ರು. ಬಾಯಿಸಾಹೇಬ್ರು ಆ ಸೀಟಿನ್ಯಾಗ ಕುಂತು, ಸೀರಿ ನಿರಿಗಿ ಸರಿ ಮಾಡಿಕೊಂಡು ನಮ್ಮವ್ರಿಗೆ ಸಣ್ಣ ದನೀಲೆ ಹೇಳಿದ್ರು: "ಕಾಯಿ ಮುಂದ ಅದಾವ. ಹಿಂದಕ್ಕ ನಡಿ."

ನಾ ಒಲಿಬೂದಿ ಮೊರದಾಗ ತಂದು ಗಾಲಿ ಹಿಂದ ಚೆಲ್ಲಿದೆ. ಟಾಯರು ನೆಲ ಹಿಡಿದುವು. ಕಾರು ಹಿಂದಕ್ಕ ಹೊಂಟಿತು. ಬಾವಿ ಸುತ್ತಿ, ತುಳಸಿಕಟ್ಟಿ ಸುತ್ತಿ, ಬೀಗರ ಕಡೆ ಮಾರಿ ಮಾಡಿಕೊಂಡ ಹಿಂದಕ್ಕ ಸರದು ನಿಂತಿತು. ಬಾಯಿಸಾಹೇಬ್ರು ಇಳೀಲಿಲ್ಲ. "ಇನ್ನೊಂದು ಸುತ್ತು," ಅಂದ್ರು.

ಬೀಗರು ಕೈ ಮುಗಿದ್ರು. "ಬೀಗರಿಗೆ ಮಾರಿ ತೋರಿಸ್ಕೋತ ಹಿಂದ ಸರಿಯೋ ಪದ್ಧತಿ ಎಲ್ಲೂ ನೋಡಿಲ್ಲ. ಭಾಳ ನಯ," ಅಂದು ಸಂಬಂಧ ಒಪ್ಪಿದ್ರು. ಮದುವಿ ದಿನ ಮದುಮಗನ ಜೀಪು ಊರ ಅಗಸಿಬಾಗಲದಿಂದ ವಾಡೇತನಕ ಹಿಂದಕ್ಕ ನಡಕೋತ ಬಂತು. ವಾಲಗದವರು ಯಾವ ಕಡೆ ನಿಂತು ಊದಬೇಕು ಅಂತ ತಿಳೀದ ಎರಡೂ ಕಡೆ ಓಡಾಡಿದ್ರು.

ಕಡೀಕ ಯಾರ್ ಯಾರು ಏನಾದ್ರು

ತೊರಗಲ್ಲ ಮುದುಕಪ್ಪ ಸಕ್ರಿ ಹಂಚಿಕೋತ ಭಾಳ ವರ್ಷ ಬದುಕಿದ. ಬೈಲಹೊಂಗಲದ ಟಾಯರು ಚಪ್ಪಲಿ ಅಟ್ಟಿ ಆದುವಂತ, ಅವು ಮಾತ್ರ ಹರೀಲೇ ಇಲ್ಲಂತ. ಮುನವಳ್ಳಿ ಮುದುಕಿ ಸಾಯೂತನಕ ಬಸ್ಸು ಹತ್ತಲಿಲ್ಲ, ಭಾಳ ಎತ್ತರ ಅಂದ್ಲು. ದೇಸಾಯರಿಗೆ ಆ ದಿನದ ಮ್ಯಾಲ ಕಾರಿನ್ಯಾಗ ಜಾಗಾ ಸಿಗಲಿಲ್ಲ, ಬಾಯಿಸಾಹೇಬ್ರು ಇಳೀಲೇ ಇಲ್ಲ. ಅಕ್ಕಾಸಾಹೇಬ್ರು ಆ ಪದ್ಧತಿ ತಮ್ಮ ಮುತ್ತಜ್ಜ ಹಾಕಿಕೊಟ್ಟದ್ದು ಅಂತ ನಂಬಿಕೊಂಡ ಹೋದ್ರು. ಕಿತ್ತೂರ ಬೀಗರ ಮನ್ಯಾಗ ಈಗಲೂ ಮದುಮಗ ಹಿಂದಕ್ಕ ಬರತಾನಂತ.

ನಮ್ಮವ್ರು ಮುದುಕಾಗೂತನಕ ಅಲ್ಲೇ ಡ್ರೈವರ್ ಇದ್ರು. ಕಾರು ತೀರಿದಾಗ ಬಾಯಿಸಾಹೇಬ್ರು ಒಂದು ಟಾಯರು ನನಗ ಕೊಟ್ರು. ನೀವು ಕುಂತೀರಲ್ಲ, ನಿಮ್ಮ ಹಿಂದಿನ ಜ್ವಾಳದ ಹರಿವಿ ಅದರ ಮ್ಯಾಲ ಐತಿ. ನಿನ್ನೆ ಬೆಟ್ಟು ಒತ್ತಿ ನೋಡಿದೆ. ಕಟಕ ರೊಟ್ಟಿ ಆಗೈತಿ, ನನ್ನಂಗ.