ಡ್ರಾ ಗುಂಡಿ ಇಲ್ಲದ ಬಾಜಿಯಂತ್ರದವರಿಗೆ

ಗಾಜಿನ ಮುಖದ ಶ್ರೀ ಬಾಜಿಯಂತ್ರದವರ ಸನ್ನಿಧಾನಕ್ಕೆ,
ಬುರೆಕ್ ಬೇಕರಿಯ ಪಕ್ಕದ ಬಾಜಿ ಅಂಗಡಿ, ಲೆಸ್ಕೊವಾಟ್ಸ್.

ಮಾನ್ಯರೇ,

ಇದೇ ಊರಿನ ನಿವೃತ್ತ ಫುಟ್‌ಬಾಲ್ ರೆಫರಿ ರಾದಿವೊಯೆ ಸ್ತಾಮೆನ್‌ಕೊವಿಚ್ ಮಾಡುವ ಸವಿನಯ ವಂದನೆಗಳು. ಎಡ ಮೊಣಕಾಲೊಂದನ್ನು ಬಿಟ್ಟರೆ ನಾನು ಕ್ಷೇಮ. ತಾವೂ ಕರೆಂಟು, ಇಂಟರ್ನೆಟ್ಟು ಮತ್ತು ಚೀಟಿಯ ಕಾಗದದ ಸುರುಳಿ ಸಮೇತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನೆ ಬೆಳಿಗ್ಗೆ ಕೌಂಟರಿನ ವೆರಿತ್ಸಾ ಅವರು ಒದ್ದೆ ಬಟ್ಟೆಯಿಂದ ತಮ್ಮ ಮುಖ ಒರೆಸುತ್ತಿದ್ದುದನ್ನು ರಸ್ತೆಯಲ್ಲೇ ನಿಂತು ಕಿಟಕಿಯ ಮೂಲಕ ನೋಡಿ ಕಣ್ತುಂಬಿಕೊಂಡೆ. ಒಳಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರುವುದೇ ಈ ಪತ್ರದ ಉದ್ದೇಶ.

ತಾವು ಕಳೆದ ಬೇಸಿಗೆಯಲ್ಲಷ್ಟೇ ಈ ಊರಿಗೆ ಬಂದವರು, ಅದೂ ಪೆಟ್ಟಿಗೆಯೊಳಗೆ ಮಲಗಿಕೊಂಡು, ಆದ್ದರಿಂದ ಇಲ್ಲಿನ ರೀತಿನೀತಿಗಳು ತಮಗೆ ತಿಳಿದಿರಲಿಕ್ಕಿಲ್ಲ. ತಮ್ಮ ಎದುರಿನ ಕಿಟಕಿ ಮೇಜಿನಲ್ಲಿ ಪ್ರತಿದಿನ ಬೆಳಿಗ್ಗೆ ಕೂರುತ್ತಿದ್ದ ಇಬ್ಬರು ಮುದುಕರಲ್ಲಿ ಉದ್ದನೆಯವನು ನಾನು. ಕುಳ್ಳಗೆ, ಗುಂಡಗೆ, ಕನ್ನಡಕವನ್ನು ಸದಾ ಮನೆಯಲ್ಲಿ ಮರೆತು ಬರುವವನು ಗ್ರಾದಿಮಿರ್, ನನ್ನ ಕೂಮ್. ಕೂಮ್ ಎಂದರೆ ನನ್ನ ಮದುವೆಯಲ್ಲಿ ಪಕ್ಕದಲ್ಲಿ ನಿಂತು ಸಾಕ್ಷಿಯಾದವನು, ನನ್ನ ಮಗಳಿಗೆ ದೀಕ್ಷಾಸ್ನಾನವಾದಾಗ ಎತ್ತಿಕೊಂಡವನು. ಅಣ್ಣತಮ್ಮಂದಿರು ಜಗಳವಾಡಿದರೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೂಮ್ ಕೂಮ್ ಜಗಳವಾಡಿದರೆ ಊರೇ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತದೆ. ನಾನು ಜಿಲ್ಲಾ ಲೀಗಿನಲ್ಲಿ ಸೀಟಿ ಊದುತ್ತಿದ್ದ ಕಾಲದುದ್ದಕ್ಕೂ ಗೆರೆಯಾಚೆ ಬಾವುಟ ಹಿಡಿದು ಓಡುತ್ತಿದ್ದವನೂ ಅವನೇ.

ಆ ಕಾಲದಿಂದಲೂ ನಾವಿಬ್ಬರು ಸೇರಿ ಒಂದೇ ಬಾಜಿ ಚೀಟಿ ಆಡುತ್ತಿದ್ದೆವು, ಆಡಿದಾಗಲೆಲ್ಲ ಡ್ರಾ ಮೇಲೆ ಮಾತ್ರ ಕಟ್ಟುತ್ತಿದ್ದೆವು. ಇದಕ್ಕೆ ಲೆಕ್ಕಾಚಾರವೇನೂ ಇಲ್ಲ, ಅನುಭವವಿದೆ. ಜಿಲ್ಲಾ ಲೀಗಿನಲ್ಲಿ ಯಾವುದಾದರೊಂದು ಊರು ಗೆದ್ದರೆ, ಸೋತ ಊರಿನವರು ಬಟ್ಟೆ ಬದಲಿಸುವ ಕೋಣೆಯ ಹಿಂದೆ ರೆಫರಿಗಾಗಿ ಕಾಯುತ್ತಿದ್ದರು, ನಾವು ಜೋಳದ ಹೊಲದಲ್ಲಿ ಬಿದ್ದು ಎದ್ದು ಬಸ್ಸು ಹಿಡಿಯುತ್ತಿದ್ದೆವು. ಪಂದ್ಯ ಒಂದು-ಒಂದಕ್ಕೆ ನಿಂತರೆ ಮಾತ್ರ ಎರಡೂ ಊರಿನವರು ಕೂರಿಸಿ, ಪ್ಲಮ್ ಬ್ರಾಂಡಿ ಕುಡಿಸಿ, ಕೆಂಪು ಮೆಣಸಿನಕಾಯಿಯ ಹಾರವನ್ನೇ ಕೈಗೆ ಕೊಟ್ಟು ಕಳಿಸುತ್ತಿದ್ದರು. ಪ್ರಪಂಚದಲ್ಲಿ ಡ್ರಾದಷ್ಟು ಸುಂದರವಾದ ಫಲಿತಾಂಶ ಇನ್ನೊಂದಿಲ್ಲ ಎಂಬುದು ನಮ್ಮಿಬ್ಬರ ದೃಢ ನಂಬಿಕೆ. ವೆರಿತ್ಸಾ ಅವರು ನಮ್ಮನ್ನು ಬಾಗಿಲಲ್ಲಿ ಕಂಡೊಡನೆಯೇ, ಏನೂ ಕೇಳದೆ, ಡ್ರಾ ಎಂದು ಒತ್ತಿಬಿಡುತ್ತಿದ್ದರು.

ಹೀಗಿರುತ್ತ ಈ ನವೆಂಬರಿನಲ್ಲಿ ನಮ್ಮ ಸಣ್ಣ ಲೀಗುಗಳೆಲ್ಲ ಕೆಸರಿನಲ್ಲಿ ಹೂತು ಮುಗಿದವು. ನಾವು ಕಾಫಿ ಹೀರುತ್ತ ಸುಮ್ಮನೆ ಕೂತಿದ್ದನ್ನು ನೋಡಲಾರದೆ ವೆರಿತ್ಸಾ ಅವರು, "ಏನ್ ಅಂಕಲ್, ಸತ್ತೋರ್ ಮನೆ ಥರ ಕೂತಿದೀರಾ? ಆ ಮಿಷಿನ್ನಲ್ಲಿ ವಿಡಿಯೋ ಗೇಮ್ ಮೇಲೆ ಕಟ್ಟಿ ನೋಡಿ, ಹುಡುಗ್ರೆಲ್ಲ ಈಗ ಅದರ ಮೇಲೇ ಕಟ್ಟೋದು" ಎಂದರು. ಹೀಗೆ ನಮಗೆ ತಮ್ಮ ಪರಿಚಯಭಾಗ್ಯ ದೊರೆಯಿತು.

ತಾವು ತೋರಿಸಿದ ಆಟವನ್ನು ಕಲಿಯಲು ನಾನು ಪಟ್ಟ ಶ್ರಮವನ್ನು ತಾವು ಕಣ್ಣಾರೆ ಕಂಡಿದ್ದೀರಿ. ಐವರು ಬಾಂಬ್ ಇಡಬೇಕು, ಐವರು ಅದನ್ನು ತಡೆಯಬೇಕು. ಸತ್ತವರು ಮುಂದಿನ ಸುತ್ತಿಗೆ ಕೈಕಾಲು ಕೊಡವಿಕೊಂಡು ಎದ್ದು ಬರುತ್ತಾರೆ, ಇದು ನಮ್ಮ ಫಾರ್ವರ್ಡ್ ಆಟಗಾರರನ್ನು ಕಂಡ ನನಗೆ ಹೊಸದೇನೂ ಅಲ್ಲ. ಯಾವ ಬದಿ ಯಾರಿಗೆ ಎಂದು ತೀರ್ಮಾನಿಸಲು ನಾಣ್ಯ ಚಿಮ್ಮಿಸುವ ಬದಲು ಚಾಕುವಿನಿಂದ ತಿವಿದಾಡುತ್ತಾರೆ. ಅರ್ಧ ಆಟವಾದ ಮೇಲೆ ಬಾಂಬ್ ಇಡುತ್ತಿದ್ದವರೇ ಪೊಲೀಸರಾಗುತ್ತಾರೆ, ಪೊಲೀಸರು ಬಾಂಬ್ ಹೊತ್ತುಕೊಳ್ಳುತ್ತಾರೆ. ಇಷ್ಟು ಸಲೀಸಾಗಿ ಬದಿ ಬದಲಾಗುವುದನ್ನು ನಾನು ಅದುವರೆಗೆ ಚುನಾವಣೆಯಲ್ಲಿ ಮಾತ್ರ ನೋಡಿದ್ದೆ. ತಾವಂತೂ ಮಹಾ ಉದಾರಿಗಳು, ಯಾರು ಗೆಲ್ಲುತ್ತಾರೆ ಎಂಬುದೊಂದೇ ಅಲ್ಲದೆ ಮೊದಲು ಯಾರು ಸಾಯುತ್ತಾರೆ, ಬಾಂಬ್ ಸಿಡಿಯುತ್ತದೋ ಇಲ್ಲವೋ ಎಂಬುದರ ಮೇಲೆಲ್ಲ ಕಟ್ಟಲು ಅವಕಾಶ ಕೊಟ್ಟಿರಿ, ಮತ್ತು ನಾನು ಕನ್ನಡಕ ಏರಿಸಿ ಓದುವಷ್ಟರಲ್ಲಿ ದರಗಳನ್ನು ಬದಲಿಸಿ ನನ್ನ ಕಣ್ಣಿಗೆ ಒಳ್ಳೆಯ ವ್ಯಾಯಾಮ ಮಾಡಿಸಿದಿರಿ. ಇಷ್ಟೆಲ್ಲ ಕೊಟ್ಟ ತಾವು ಡ್ರಾಗೆ ಮಾತ್ರ ಗುಂಡಿ ಇಡಲಿಲ್ಲ. ಮೊದಲ ತಂಡಕ್ಕೆ ಒಂದು ಎಂಬ ಗುಂಡಿ ಇತ್ತು, ಎರಡನೆಯದಕ್ಕೆ ಎರಡು ಇತ್ತು, ನಡುವೆ ಬೋಳು ಜಾಗ ಇತ್ತು.

ನಾನು ಬೆರಳಿನಿಂದ ಆ ಬೋಳು ಜಾಗವನ್ನೇ ಒತ್ತುತ್ತ ನಿಂತಿದ್ದೆ. ಅಷ್ಟರಲ್ಲಿ ವೆರಿತ್ಸಾ ಅವರು ಕೌಂಟರಿನಿಂದಲೇ, "ಒಂದನೇ ಟೀಮಲ್ಲಿ ಇರೋ ಆ ಉದ್ದ ಕೂದಲಿನ ಹುಡುಗನ ತಾಯಿ ನಮ್ಮ ವ್ಲಾಸೊತಿಂಟ್ಸೆ ಕಡೆಯೋಳಂತೆ" ಎಂದುಬಿಟ್ಟರು. ಅಂಗಡಿಗೆ ಅಂಗಡಿಯೇ ಎದ್ದು ನಿಂತಿತು. ತಮಗೆ ತಿಳಿದಿರಲಿ, ಚಂದ್ರನ ಮೇಲೆ ಎರಡು ತಂಡ ಆಡಿದರೂ ಅದರಲ್ಲಿ ನಮ್ಮವನೊಬ್ಬನನ್ನು ಹುಡುಕದೆ ನಾವು ಬಿಡುವವರಲ್ಲ. ಗ್ರಾದಿಮಿರ್ ನನ್ನನ್ನು ಮೊಣಕೈಯಿಂದ ಸರಿಸಿ, "ನಮ್ಮ ಹುಡುಗ ಕಣೋ! ಡ್ರಾನೂ ಬೇಡ, ಗಿರಾನೂ ಬೇಡ, ಒಂದೇ ಒತ್ತೋದು" ಎಂದು ತನ್ನ ಜೀವಮಾನದಲ್ಲಿ ಮೊದಲ ಸಲ ಒಬ್ಬನೇ ಒಂದು ಚೀಟಿ ಆಡಿದ.

ಮಾನ್ಯರೇ, ಇಲ್ಲಿ ನಾನು ಮಾಡಿದ ಯೋಚನೆಯನ್ನು ತಾವು ದಯವಿಟ್ಟು ನಿಧಾನವಾಗಿ ಕೇಳಬೇಕು. ಕೂಮ್ ಒಂದನ್ನು ಒತ್ತಿದ್ದಾನೆ. ನಾನು ಎರಡನ್ನು ಒತ್ತಿದರೆ ಯಾರು ಗೆದ್ದರೂ ನಮ್ಮಲ್ಲೊಬ್ಬ ಗೆಲ್ಲುತ್ತಾನೆ. ಗೆದ್ದದ್ದನ್ನು ಎಂದಿನಂತೆ ಇಬ್ಬರೂ ಹಂಚಿಕೊಂಡರೆ ಅದು ಡ್ರಾ ಆಯಿತಲ್ಲ! ತಾವು ಕೊಡದ ಗುಂಡಿಯನ್ನು ನಾನೇ ತಯಾರಿಸಿದೆ ಎಂದು ಒಳಗೊಳಗೇ ಬೀಗಿದೆ. ಆಮೇಲೆ ಹೇಳಿ ಅವನನ್ನು ಬೆರಗುಗೊಳಿಸೋಣವೆಂದು ಎರಡನ್ನು ಒತ್ತಿ, ಚೀಟಿಯನ್ನು ಜೇಬಿಗೆ ಸೇರಿಸಿ ಸುಮ್ಮನೆ ಕೂತೆ. ಒಬ್ಬ ರೆಫರಿ ಮಾತ್ರ ಮಾಡಬಹುದಾದ ಮೂರ್ಖತನ ಇದು ಎಂದು ನನ್ನ ಹೆಂಡತಿ ಲ್ಯುಬಿಂಕಾ ಈಗ ದಿನಾ ಹೇಳುತ್ತಾಳೆ.

ಪಂದ್ಯ ಎಂಥ ಪಂದ್ಯ! ಪೋಲೆಂಡಿನ ಯಾವುದೋ ಸಭಾಂಗಣದಲ್ಲಿ ಆ ಹತ್ತು ಹುಡುಗರು ಕಂಪ್ಯೂಟರಿನ ಇಲಿ ಹಿಡಿದು ಕೂತಿದ್ದರೆ, ಲೆಸ್ಕೊವಾಟ್ಸಿನಲ್ಲಿ ಬೇಕರಿಯವನು ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದು ನಿಂತಿದ್ದ. ಮೊದಲ ಆಟ ಅವರಿಗೆ, ಎರಡನೆಯದು ನಮಗೆ, ಮೂರನೆಯದರಲ್ಲಿ ಸುತ್ತುಗಳು ಹನ್ನೆರಡು-ಹನ್ನೆರಡು. ಸರಿಸಮ! ನನ್ನ ಕೈ ತಾನಾಗಿಯೇ ಕೋಟಿನ ಒಳಜೇಬಿಗೆ ಹೋಯಿತು, ಹಳೆಯ ಸೀಟಿ ಹೊರಬಂತು, ನಾನು ಕುರ್ಚಿಯಿಂದೆದ್ದು ಮೂರು ಸಲ ಉದ್ದವಾಗಿ ಊದಿ ಎರಡೂ ಕೈ ಎತ್ತಿ ಪಂದ್ಯ ಮುಗಿಸಿದೆ.

ಪೋಲೆಂಡಿನಲ್ಲಿ ಯಾರೂ ನಿಲ್ಲಿಸಲಿಲ್ಲ. ತಾವೂ ನಿಲ್ಲಿಸಲಿಲ್ಲ. ಹೆಚ್ಚುವರಿ ಸುತ್ತುಗಳು ಶುರುವಾದವು, ಸೀಟಿಯ ಸದ್ದಿಗೆ ಬೆಚ್ಚಿದ ಬೇಕರಿಯವನು ಗ್ರಾದಿಮಿರನ ಕಾಫಿಯನ್ನು ಅವನ ಮಡಿಲಿಗೇ ಚೆಲ್ಲಿದ, ಮತ್ತು ಅವನು ಪ್ಯಾಂಟು ಒರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲೇ ನಮ್ಮ ಉದ್ದ ಕೂದಲಿನವನು ಗೋಡೆ ಮರೆಯಿಂದ ಬಂದ ಗುಂಡೇಟಿಗೆ ಉರುಳಿದ. ಸೋತೆವು.

ಇಷ್ಟರ ಮಟ್ಟಿಗೆ ನಾನು ತಮ್ಮ ಮೇಲೆ ತಪ್ಪು ಹೊರಿಸಲಾರೆ. ಆದರೆ ಆ ಬಳಿಕ ತಾವು ತೋರಿದ ಸಂಭ್ರಮವಿದೆಯಲ್ಲ, ಅದನ್ನು ಎಷ್ಟು ಹೊಗಳಿದರೂ ಸಾಲದು. ಕೂಮನ ಮುಖ ಸಣ್ಣಗಾಗಿದ್ದನ್ನು ಕಂಡು, ಈಗ ನನ್ನ ಡ್ರಾ ತೋರಿಸೋಣವೆಂದು ನಾನು ಚೀಟಿಯನ್ನು ತಮ್ಮ ಮೂಗಿನ ಕೆಳಗೆ ಹಿಡಿದೆ. ತಾವು ಮೈಯೆಲ್ಲ ಹಸಿರು ದೀಪ ಹಚ್ಚಿಕೊಂಡು, ಮದುವೆಮನೆಯ ಕಹಳೆ ಬ್ಯಾಂಡಿಗೂ ನಾಚಿಕೆಯಾಗುವಂತೆ ಬಾಜಾಬಜಂತ್ರಿ ಬಾರಿಸಿ, ಕನ್ನಡಕವಿಲ್ಲದವನಿಗೂ ಕಾಣುವಷ್ಟು ದಪ್ಪಕ್ಷರದಲ್ಲಿ ನನ್ನನ್ನು ಅಭಿನಂದಿಸಿದಿರಿ.

ಗ್ರಾದಿಮಿರ್ ಒದ್ದೆ ಪ್ಯಾಂಟಿನಲ್ಲೇ ಎದ್ದು ಬಂದು ತಮ್ಮನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಎರಡಕ್ಕೆ ಕಟ್ಟಿದ್ಯಾ? ನಮ್ಮ ಹುಡುಗನ ವಿರುದ್ಧ? ನನ್ನ ವಿರುದ್ಧ?" ಎಂದ. ನಾನು ನನ್ನ ಲೆಕ್ಕ ವಿವರಿಸಲು ಹೊರಟೆ, ಅವನು ನಡುವೆಯೇ ತಡೆದ. "ಅದಕ್ಕೇ ಸೀಟಿ ಊದ್ದೆ! ಆ ಮಗೂಗೆ ದೃಷ್ಟಿ ಹಾಕ್ದೆ! ಹೋಗು ಕೂಮೇ, ಹೋಗು, ಒಬ್ಬನೇ ಕೂತ್ಕೊಂಡು ತಿನ್ನು" ಎಂದವನೇ ಟೋಪಿ ಎತ್ತಿಕೊಂಡು ಹೊರಟ. ಬೇಕರಿಯವನು ಕೂಡ ನನ್ನತ್ತ ನೋಡಿ, "ರೆಫರಿಗಳೆಲ್ಲ ಇಷ್ಟೇ ಬಿಡಿ" ಎಂದು ಹಿಟ್ಟು ಕೊಡವಿಕೊಂಡ. ಅಂದಿನಿಂದ ಕೂಮ್ ಎಂದಿನ ಹೊತ್ತಿಗೆ ಬಂದು ತಮ್ಮೆದುರು ಒಬ್ಬನೇ ಕಾಫಿ ಕುಡಿಯುತ್ತಾನೆ, ನಾನು ಕಿಟಕಿಯಾಚೆ ರಸ್ತೆಯಲ್ಲಿ ನಡೆದಾಡುತ್ತೇನೆ. ಚೀಟಿಯ ಹಣ ಪಡೆದಿಲ್ಲ. ಅದನ್ನು ಸಂತ ನಿಕೋಲನ ಪಟದ ಹಿಂದೆ ಸಿಕ್ಕಿಸಿದ್ದೆ, ಲ್ಯುಬಿಂಕಾ, "ದೇವರ ಬೆನ್ನಿಗೆ ಜೂಜಿನ ಚೀಟಿ ಅಂಟಿಸ್ತೀರಲ್ರೀ!" ಎಂದು ತೆಗೆದು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ.

ಈಗ ಅಸಲು ಸಂಕಟಕ್ಕೆ ಬರುತ್ತೇನೆ. ಡಿಸೆಂಬರ್ ಹತ್ತೊಂಬತ್ತು ಸಂತ ನಿಕೋಲನ ದಿನ, ನಮ್ಮ ಮನೆದೇವರ ಹಬ್ಬ. ಅಂದು ನಮ್ಮಲ್ಲಿ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರಬೇಕಾದವರಿಗೆ ಗೊತ್ತಿರುತ್ತದೆ, ಅವರು ತಾವಾಗಿ ಬರುತ್ತಾರೆ, ಮನೆ ಯಜಮಾನ ದಿನವಿಡೀ ಕೂರದೆ ನಿಂತು ಬಡಿಸುತ್ತಾನೆ. ಬರಬೇಕಾದವರು ಬಾರದಿದ್ದರೆ ಅದರ ಅರ್ಥವೇನೆಂದು ಮಿಕ್ಕವರೆಲ್ಲರಿಗೂ ತಿಳಿಯುತ್ತದೆ. ಉಪವಾಸದ ತಿಂಗಳಾದ್ದರಿಂದ ಮಾಂಸವಿಲ್ಲ, ಮೀನು. ಆ ಮೀನನ್ನು, ಜೀವಂತ ಗೆಂಡೆಯನ್ನು, ನನ್ನ ಮದುವೆಯಾದಂದಿನಿಂದ ಪ್ರತಿವರ್ಷ ಹಿಡಿದು ತರುವವನು ಗ್ರಾದಿಮಿರ್. ಅದು ನಮ್ಮ ಸ್ನಾನದ ತೊಟ್ಟಿಯಲ್ಲಿ ಒಂದೆರಡು ದಿನ ಈಜಾಡಿಕೊಂಡಿರುತ್ತದೆ, ನಾವು ಅಡುಗೆಮನೆಯ ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತೇವೆ. ಈ ವರ್ಷ ಲ್ಯುಬಿಂಕಾ ತೊಟ್ಟಿ ತಿಕ್ಕಿ ನೀರು ತುಂಬಿಸಿಟ್ಟಿದ್ದಾಳೆ. ಮಾರುಕಟ್ಟೆಯಿಂದ ಮೀನು ತರಲೇ ಎಂದರೆ, "ತಂದ್ರೆ ನೋಡಿ ಮತ್ತೆ" ಎನ್ನುತ್ತಾಳೆ. ಬೆಳಿಗ್ಗೆ ಎದ್ದು ಆ ಖಾಲಿ ನೀರನ್ನು ನೋಡಿದರೆ ನನಗೆ ಅಳು ಬರುತ್ತದೆ, ಇದನ್ನು ತಮ್ಮಂಥ ಯಂತ್ರದ ಮುಂದೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆದಕಾರಣ ತಮ್ಮಲ್ಲಿ ನನ್ನ ಕೆಲವು ಅಲ್ಪ ಬಿನ್ನಹಗಳಿವೆ. ತಾವು ಕೂಡಲೇ ಆ ಪಂದ್ಯವನ್ನು ಹನ್ನೆರಡು-ಹನ್ನೆರಡಕ್ಕೆ ಹಿಂದಿರುಗಿಸಿ, ನನ್ನ ಸೀಟಿಗೆ ಮಾನ್ಯತೆ ಕೊಟ್ಟು, ಫಲಿತಾಂಶವನ್ನು ಡ್ರಾ ಎಂದು ಘೋಷಿಸಬೇಕು. ಅದು ಕಷ್ಟವಾದರೆ ಆ ಹುಡುಗನ ತಾಯಿಯನ್ನು ಬೇರೆ ಯಾವುದಾದರೂ ಜಿಲ್ಲೆಯವಳನ್ನಾಗಿ ಮಾಡಿಕೊಡಬೇಕು. ಅದೂ ಆಗದಿದ್ದರೆ, ನಮ್ಮ ಪದ್ಧತಿಯಂತೆ ಕಾಫಿ ಪುಡಿಯ ಪೊಟ್ಟಣವೊಂದನ್ನು ಹಿಡಿದು ಖುದ್ದಾಗಿ ಕೂಮನ ಮನೆಗೆ ಹೋಗಿ, ಬಾಗಿಲಲ್ಲಿ ಟೋಪಿ ತೆಗೆದು, "ಅವನು ನಿನ್ನ ವಿರುದ್ಧ ಕಟ್ಟಲಿಲ್ಲ, ನಿನ್ನನ್ನು ಬಿಟ್ಟು ಒಬ್ಬನೇ ಆಡೋಕೆ ಅವನಿಗೆ ಬರಲ್ಲ, ಅಷ್ಟೇ" ಎಂದು ಆ ದಪ್ಪಕ್ಷರದಲ್ಲೇ ತಿಳಿಸಬೇಕು. ಬಾಜಾಬಜಂತ್ರಿ ಬೇಡ.

ಈ ಪತ್ರವನ್ನು ಲಕೋಟೆಗೆ ಹಾಕದೆ ವೆರಿತ್ಸಾ ಅವರ ಅಪ್ಪಣೆ ಪಡೆದು ತಮ್ಮ ಗಾಜಿಗೇ ಅಂಟಿಸಿರುವುದಕ್ಕೆ ಕ್ಷಮೆಯಿರಲಿ. ಲಕೋಟೆ ಒಡೆಯಲು ತಮಗೆ ಕೈಯಿಲ್ಲ. ಅಕ್ಷರಗಳನ್ನು ಇಷ್ಟು ದೊಡ್ಡದಾಗಿ ಬರೆದದ್ದೂ, ಇಷ್ಟು ಕೆಳಗೆ, ಕುಳ್ಳಗಿನವರ ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದೂ ಕೇವಲ ತಮ್ಮ ಅನುಕೂಲಕ್ಕಾಗಿ. ಬೆಳಿಗ್ಗೆ ಕಾಫಿ ಕುಡಿಯುತ್ತ ಕನ್ನಡಕವಿಲ್ಲದವರು ಯಾರಾದರೂ ಅಕಸ್ಮಾತ್ ಓದಿದರೆ ಅದಕ್ಕೆ ನಾನು ಹೊಣೆಯಲ್ಲ. ಇದು ಆಮಂತ್ರಣವಂತೂ ಖಂಡಿತ ಅಲ್ಲ.

ತಮಗೆ ನನ್ನ ಮೇಲೆ ವಿಶ್ವಾಸ ಇರಲಿ ಬಿಡಲಿ, ಎಂದೆಂದಿಗೂ
ತಮ್ಮ ವಿಶ್ವಾಸಿ,
ರಾದಿವೊಯೆ ಸ್ತಾಮೆನ್‌ಕೊವಿಚ್
ನಿವೃತ್ತ ರೆಫರಿ, ಜಿಲ್ಲಾ ಲೀಗು

ತಾ.ಕ.: ಪತ್ರ ಅಂಟಿಸಿದ ಮೇಲೆ ಮತ್ತೆ ಬಂದು ಇಷ್ಟನ್ನು ಸೇರಿಸುತ್ತಿದ್ದೇನೆ. ತಮ್ಮಿಂದ ಇದುವರೆಗೆ ಉತ್ತರವಿಲ್ಲ, ಹಸಿರು ದೀಪ ಕೂಡ ಇಲ್ಲ. ಸೋತವರ ಜೊತೆ ಮಾತಾಡುವ ಅಭ್ಯಾಸ ತಮಗೆ ಇಲ್ಲವೆಂದು ಕಾಣುತ್ತದೆ. ಇಂದು ಮುಂಜಾನೆ ನಮ್ಮ ಗೇಟಿನ ಗಂಟೆ ಬಾರಿಸಿತು. ಹೋಗಿ ನೋಡಿದರೆ ಯಾರೂ ಇಲ್ಲ, ಬೀದಿಯ ತಿರುವಿನಲ್ಲಿ ಒಂದು ಟೋಪಿ ಮರೆಯಾಗುತ್ತಿತ್ತು, ಗೇಟಿನ ಬಳಿ ನೀರು ತುಂಬಿದ ಬಕೆಟ್ಟು. ಪ್ರತಿವರ್ಷ ಅದರಲ್ಲಿ ಒಂದು ಗೆಂಡೆ ಇರುತ್ತಿತ್ತು, ಈ ಸಲ ಎರಡು ಇದ್ದವು, ಒಂದೇ ಅಳತೆಯವು. ಲ್ಯುಬಿಂಕಾ ಅವನ್ನು ತೊಟ್ಟಿಗೆ ಬಿಟ್ಟು, ಸ್ವಲ್ಪ ಹೊತ್ತು ನೋಡಿ, "ಒಂದು-ಒಂದು" ಎಂದಳು. ತಮ್ಮ ಗಾಜಿನ ಮೇಲೆ ಆ ಬೋಳು ಜಾಗ ಇನ್ನು ಹಾಗೇ ಇರಲಿ, ನಮಗೆ ತೊಂದರೆಯಿಲ್ಲ. ಹತ್ತೊಂಬತ್ತಕ್ಕೆ ತಮಗೂ ಬರಬೇಕೆನಿಸಿದರೆ ಬನ್ನಿ, ಮೀನು ಸಾಕಷ್ಟಿದೆ. ನಾನು ಕರೆದೆ ಎಂದು ಮಾತ್ರ ಯಾರಿಗೂ ಹೇಳಬೇಡಿ.