ಕಲೆಯೋ, ಕೊಳೆಯೋ?

"ಬ್ರೀಫ್ ಅಂದ್ರೆ ಚುಟುಕಾಗಿರಬೇಕು! ಒಂದು ಸಾಲು ದಾಟಿದ್ರೆ ಅದು ಬ್ರೀಫ್ ಅಲ್ಲ, ಪುರಾಣ!"

ಗೋಡೆ ಒರೆಸುವ ದ್ರವ ತಯಾರಿಸುವ ಆ ಕಂಪನಿಯ ಪ್ರಚಾರ ವಿಭಾಗದಲ್ಲಿ ಮೇಜು ಗುದ್ದಿ ಹೀಗೆ ಘೋಷಿಸಿದವರು ವಿಭಾಗದ ಮುಖ್ಯಸ್ಥರು. ವಿಡಿಯೊ ಮಾಡುವವರಿಗೆ ಏನು ಬೇಕು, ಯಾವಾಗ ಬೇಕು ಎಂದು ಬರೆದು ಕೊಡುವ ಚೀಟಿಗೆ ಅಲ್ಲಿ ಬ್ರೀಫ್ ಎಂದು ಹೆಸರು. ಅದನ್ನು ಲಿಫ್ಟ್ ಇಳಿಯುವಷ್ಟರಲ್ಲಿ ಬರೆದು ಮುಗಿಸುವುದು ಅವರ ಹೆಮ್ಮೆ. ಹಾಗಾಗಿ ಬೆನ್ನ ಹಿಂದೆ ಎಲ್ಲರೂ ಅವರನ್ನು ಚುಟುಕು ಸಾಹೇಬರು ಎನ್ನುತ್ತಿದ್ದರು.

ಹೊಸ ದ್ರವ ಮಾರುಕಟ್ಟೆಗೆ ಬರುವ ದಿನ ಹತ್ತಿರವಾಯಿತು. ವಿಡಿಯೊ ಮಾಡಲು ಯಾರಿದ್ದಾರೆ? ಸಾಹೇಬರು ಊರೆಲ್ಲ ಹುಡುಕಲಿಲ್ಲ. ಅವರ ಹೆಂಡತಿಯೇ ಮನೆ ಅಲಂಕಾರದ ವಿಡಿಯೊ ಮಾಡಿ ಎಂಬತ್ತು ಸಾವಿರ ಅಭಿಮಾನಿಗಳನ್ನು ಸಂಪಾದಿಸಿದ್ದಳು. ಹಳೆಯ ಡಬ್ಬಕ್ಕೆ ಅವಳು ಬಣ್ಣ ಬಳಿದರೂ ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಒಂದು ಬೆಳಗ್ಗೆ ಸಾಹೇಬರು ಲೇಬಲ್ ಕೂಡ ಅಂಟಿಸದ ಬಾಟಲಿಯೊಂದನ್ನು ಊಟದ ಮೇಜಿನ ಮೇಲಿಟ್ಟು ಆಫೀಸಿಗೆ ಓಡಿದರು. ದಾರಿಯಲ್ಲೇ ಬ್ರೀಫ್ ಕಳಿಸಿದರು: "ಮನೆ ಹಾಲ್ ಗೋಡೆ ಮೇಲೆ ದೊಡ್ಡ ಕಲೆ, ಜನ ಬೆರಗಾಗಬೇಕು, ಆಮೇಲೆ ನಮ್ಮ ದ್ರವ ಹಾಕಿ ಒರೆಸು, ಇವತ್ತು ಸಂಜೆ ಐದಕ್ಕೆ ಲೈವ್."

ಹೆಂಡತಿ ತಕ್ಷಣ ಫೋನ್ ಮಾಡಿದಳು. "ರೀ, ಇವತ್ತೇನಾ? ಒಂದೆರಡು ದಿನ ಮೊದಲೇ ಹೇಳೋದಲ್ವಾ! ಕಲೆ ಎಂಥದ್ದಿರಬೇಕು?"

"ಎಂಥದ್ದಾದರೂ ಸರಿ. ದೊಡ್ಡದಿರಲಿ!"

"ಈ ದ್ರವ ಯಾಕೆ, ಹೊಳಪಿಗಾ?"

"ಎಲ್ಲ ಬ್ರೀಫಲ್ಲೇ ಇದೆ ಮಾರಾಯ್ತಿ. ಓದ್ಕೋ!" ಸಾಹೇಬರು ಫೋನ್ ಇಟ್ಟೇಬಿಟ್ಟರು.

ಸಂಜೆ ಐದಕ್ಕೆ ಮಾಲೀಕರಿಂದ ಹಿಡಿದು ಮಾರಾಟದವರವರೆಗೆ ಎಲ್ಲರೂ ದೊಡ್ಡ ಪರದೆಯ ಮುಂದೆ ಕೂತರು. ಪರದೆಯಲ್ಲಿ ಸಾಹೇಬರ ಮನೆಯ ಹಾಲ್ ಗೋಡೆ ಕಾಣಿಸಿತು. ಅದರ ಮೇಲೆ ನೆಲದಿಂದ ಸೂರಿನವರೆಗೆ ಒಂದು ಜಿರಾಫೆ! ಹಳದಿ ಮೈ, ಕಂದು ಮಚ್ಚೆ, ಉದ್ದನೆಯ ರೆಪ್ಪೆ.

"ಕಲೆ ಎಲ್ರೀ?" ಮಾಲೀಕರು ಕೇಳಿದರು.

ಸಾಹೇಬರು ಕಣ್ಣುಜ್ಜಿಕೊಂಡು ನೋಡಿದರು. ಎದುರಿಗಿದ್ದದ್ದು ಕಲೆಯೇ! ಅಪ್ಪಟ ಕಲೆ!

"ನೋಡಿ, ಈಗ ಈ ದ್ರವ ಹಾಕಿ ಒರೆಸಿದ್ರೆ ಚಿತ್ರ ಫಳಫಳ ಹೊಳೆಯುತ್ತೆ!" ಎನ್ನುತ್ತಾ ಹೆಂಡತಿ ಬಟ್ಟೆ ಎತ್ತಿಕೊಂಡಳು. ಸಾಹೇಬರು "ಬೇಡ ಕಣೇ!" ಎಂದು ಪರದೆಗೇ ಕೂಗಿದರು. ಪರದೆಗೆ ಕಿವಿಯಿಲ್ಲ. ಒಂದೇ ಸಲ ಒರೆಸಿದ್ದಕ್ಕೆ ಜಿರಾಫೆಯ ಕಣ್ಣು ಕುತ್ತಿಗೆಗೆ ಜಾರಿತು, ಕುತ್ತಿಗೆ ಹೊಟ್ಟೆಗೆ ಇಳಿಯಿತು, ಹೊಟ್ಟೆ ನೆಲದ ಮೇಲೆ ಹಳದಿ ಕೆರೆಯಾಯಿತು. ದ್ರವ ಅಷ್ಟು ಜೋರು!

ಹೆಂಡತಿ ಬಟ್ಟೆ ಬಿಸಾಡಿದಳು. ಆಮೇಲೆ ಕ್ಯಾಮೆರಾ ಕಡೆ ತಿರುಗಿ, "ದಯವಿಟ್ಟು ಯಾರೂ ಇದನ್ನ ಕೊಳ್ಳಬೇಡಿ!" ಎಂದವಳೇ ಲೈವ್ ನಿಲ್ಲಿಸಿದಳು.

ಸಭೆಯಲ್ಲಿ ಮಾಲೀಕರು ಎದ್ದರು. "ಹತ್ತು ದಿನ ಟೈಮ್ ಕೊಡ್ತೀನಿ. ಅವರ ಕೈಯಲ್ಲೇ ಇನ್ನೊಂದು ವಿಡಿಯೊ ಮಾಡಿಸಿ ಮರ್ಯಾದೆ ಉಳಿಸಿ. ಆಗಲಿಲ್ವಾ, ಹನ್ನೊಂದನೇ ದಿನದಿಂದ ನೀವು ಗೋದಾಮಲ್ಲಿ ಬಾಟಲಿಗೆ ಮುಚ್ಚಳ ಹಾಕ್ತಾ ಕೂತ್ಕೊಳ್ಳಿ!"

ಮನೆಯಲ್ಲಿ ಹೆಂಡತಿ ನೆಲ ಒರೆಸುತ್ತಿದ್ದಳು.

"ಕಲೆ ಅಂದ್ರೆ ಕೊಳೆ ಕಣೇ!" ಸಾಹೇಬರು ಚಪ್ಪಲಿ ಬಿಡುತ್ತಲೇ ಅಂದರು.

"ಕಲೆಗೂ ಕೊಳೆಗೂ ವ್ಯತ್ಯಾಸ ಗೊತ್ತಿಲ್ಲದವರನ್ನ ಕಟ್ಕೊಂಡಿದ್ದು ನನ್ನ ತಪ್ಪು! ಎಂಟು ಗಂಟೆ ಸ್ಟೂಲ್ ಮೇಲೆ ನಿಂತು ಬರೆದಿದ್ದು ರೀ. ಊಟ ಕೂಡ ಮಾಡಿಲ್ಲ. ನನ್ನ ನಂಬಿ ನೋಡೋ ಜನರ ಮುಂದೆ ಮಂಗ ಆದೆ." ಕೊನೆಯ ಮಾತಿಗೆ ಅವಳ ದನಿ ಗದ್ಗದವಾಯಿತು.

ಅವಳ ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಉಳಿದಿತ್ತು. ಅದನ್ನು ಕಂಡು ಸಾಹೇಬರ ಜಂಬವೆಲ್ಲ ಜಿರಾಫೆಯ ಹಾಗೆ ಕರಗಿತು. ಅವರೂ ಒಂದು ಬಟ್ಟೆ ಹಿಡಿದು ಮಂಡಿಯೂರಿದರು. "ಇನ್ನೊಂದು ಅವಕಾಶ ಕೊಡು. ಈ ಸಲ ಎಂಥ ಬ್ರೀಫ್ ಬರೀತೀನಿ ಅಂದ್ರೆ, ಅದರಲ್ಲಿ ಒಂದೇ ಒಂದು ಅನುಮಾನ ಹುಡುಕಿಕೊಡು ನೋಡೋಣ!"

"ಮೊದಲು ಬರೆದು ತನ್ನಿ. ಓದಿ ಹೇಳ್ತೀನಿ."

ಶುರುವಾಯಿತು ಮಹಾಯಜ್ಞ! "ಕಲೆ ಎಂದರೆ ಕೊಳೆ, ಚಿತ್ರವಲ್ಲ, ನೃತ್ಯವಲ್ಲ, ಸಂಗೀತವಂತೂ ಅಲ್ಲ" ಎಂದು ಮೊದಲ ಪುಟ ಆರಂಭವಾಯಿತು. ಆಫೀಸಿನ ಟೈಪಿಸ್ಟಮ್ಮ ಇಣುಕಿ, "ಸರ್, ಕಾಫಿ ಕಲೆನಾ, ಎಣ್ಣೆ ಕಲೆನಾ?" ಎಂದರು. ಸರಿ, ಅದಕ್ಕೊಂದು ಅಧ್ಯಾಯ! ಕಲೆ ನೆಲದಿಂದ ಎಷ್ಟು ಅಡಿ ಮೇಲಿರಬೇಕು, ಬಟ್ಟೆ ಯಾವ ಕೈಯಲ್ಲಿರಬೇಕು, ಒರೆಸುವಾಗ ಎಷ್ಟು ನಗಬೇಕು? ನಗುವಿನ ಅಳತೆಗೆ ಸ್ಕೇಲ್ ಹಿಡಿದು ನಕ್ಷೆಯನ್ನೂ ಬರೆದರು. ಬರೆದದ್ದನ್ನು ಹರಿದರು, ಹರಿದದ್ದನ್ನು ಮತ್ತೆ ಬರೆದರು. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ, "ತಡಿ, ಬಕೆಟ್ಟಿನ ಬಣ್ಣ ನಿರ್ಧಾರ ಆಗ್ಲಿ!" ಎಂದರು. ಹಿಡಿದ ಪಟ್ಟು ಬಿಡುವ ಜಾಯಮಾನ ಅವರದಲ್ಲ.

ಕೊನೆಗೊಂದು ಸಂಜೆ ನಲವತ್ತೊಂದು ಪುಟದ ಪುಸ್ತಕವನ್ನು ಬೈಂಡ್ ಮಾಡಿಸಿ ತಂದು ಹೆಂಡತಿಯ ಕೈಗಿತ್ತರು. ಅವಳು ಸೋಫಾದಲ್ಲಿ ಕಾಲು ಮಡಚಿ ಕೂತು ಒಂದಕ್ಷರ ಬಿಡದೆ ಓದಿದಳು. ಸಾಹೇಬರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಬಾಗಿಲ ಪಕ್ಕ ನಿಂತಿದ್ದರು.

"ಪರವಾಗಿಲ್ವೇ!" ಅವಳು ನಿಜಕ್ಕೂ ಬೆರಗಾದಳು. "ಎಳೆ ಮಗೂಗೂ ಅರ್ಥ ಆಗುತ್ತೆ ರೀ. ಒಂದೇ ಒಂದು ಅನುಮಾನ ಇಲ್ಲ. ಖಂಡಿತ ಮಾಡಿಕೊಡ್ತೀನಿ."

ಸಾಹೇಬರ ಎದೆ ಎರಡು ಗೇಣು ಉಬ್ಬಿತು.

"ನಿಧಾನವಾಗಿ, ಚೆನ್ನಾಗಿ ಮಾಡೋಣ. ಹತ್ತು ದಿನ ಕೊಟ್ಟಿದ್ದಾರೆ ಅಂದ್ರಲ್ಲ, ಯಾವತ್ತಿಗೆ ಬೇಕು?"

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿದರು. ಬೆರಳು ಮಡಚಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಬರೆಯಲು ಒಂಬತ್ತು ದಿನ ಹಿಡಿದಿತ್ತು!

"ಅದು... ನಾಳೆ ಬೆಳಗ್ಗೆ ಹತ್ತಕ್ಕೆ..."

ಹೆಂಡತಿ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. ಒಳಗೆ ಹೋಗಿ ಬಕೆಟ್ಟು, ಬಟ್ಟೆ, ಬಾಟಲಿ ತಂದು ಅವರ ಕಾಲ ಬುಡದಲ್ಲಿಟ್ಟು, ಕ್ಯಾಮೆರಾ ತಾನು ಹಿಡಿದಳು.

"ಇಷ್ಟು ಸ್ಪಷ್ಟವಾಗಿ ಬರೆದಿದ್ದೀರಿ ಅಂದ್ಮೇಲೆ ನಾನೇ ಯಾಕೆ ಬೇಕು? ಒರೆಸಿ! ಮೂವತ್ತೆರಡನೇ ಪುಟದಲ್ಲಿ ಹೇಳಿರೋಷ್ಟು ನಗ್ತಾ ಒರೆಸಿ!"